ತಣ್ಣನೆಯ ತುಂಬು ಹೊಳೆಯಲ್ಲಿ ಸಾಲ್ಮನ್‌ಗೆ ತೂಕದ ಟ್ಯೂಬ್ ಫ್ಲೈ

ಸ್ಕಾಟ್‌ಲೆಂಡಿನ ಟೇ ನದಿಯಲ್ಲಿ ಸಾಲ್ಮನ್ ಗಾಳದ ಋತು ಜನವರಿ 15ರಂದು ತೆರೆಯುತ್ತದೆ. ಟ್ವೀಡ್ ಮತ್ತು ಡೀ ನದಿಗಳಲ್ಲಿ ಫೆಬ್ರವರಿ 1ರಂದು, ಸ್ಪೇ ನದಿಯಲ್ಲಿ ಫೆಬ್ರವರಿ 11ರಂದು. ಆ ವಾರಗಳಲ್ಲಿ ಮಳೆಯೂ ಕರಗಿದ ಹಿಮವೂ ಸೇರಿ ಹೊಳೆ ತುಂಬಿ ಹರಿಯುತ್ತಿರುತ್ತದೆ, ನೀರು ಎಷ್ಟೋ ದಿನ 3–4 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನನ್ನು ಕಂಡ ಮಲೆನಾಡಿನವರಿಗೆ ಸಾಲ್ಮನ್ನಿನ ಸ್ವಭಾವ ಬೇಗ ಅರ್ಥವಾಗುತ್ತದೆ, ಏಕೆಂದರೆ ಇದೂ ಮೊಟ್ಟೆಯಿಡಲೆಂದು ಸಮುದ್ರದಿಂದ ನದಿ ಹತ್ತುವ ಮೀನು. ಆದರೆ ಇಷ್ಟು ಚಳಿಯ ನೀರಿನಲ್ಲಿ ಅದರ ಮೈ ಜಡವಾಗಿರುತ್ತದೆ; ನೀರು ಸುಮಾರು 5–6 ಡಿಗ್ರಿಗೆ ಏರುವವರೆಗೆ ದೊಡ್ಡ ಅಡ್ಡಗಟ್ಟೆಗಳನ್ನು ಹಾರಲು ಅದು ಮನಸ್ಸು ಮಾಡುವುದು ಅಪರೂಪ. ನದಿಗೆ ಬಂದ ಮೇಲೆ ಅದು ಆಹಾರವನ್ನೂ ಹುಡುಕುವುದಿಲ್ಲವಾದ್ದರಿಂದ, ಫ್ಲೈಯನ್ನು, ಅಂದರೆ ಕೂದಲು, ಗರಿ ಕಟ್ಟಿ ಮಾಡಿದ ಕೃತಕ ಎರೆಯನ್ನು, ಅದರ ಮೂತಿಯ ಹತ್ತಿರ, ಆದಷ್ಟು ನಿಧಾನವಾಗಿ ದಾಟಿಸಬೇಕು. ತೂಕದ ಟ್ಯೂಬ್ ಬೇಕಾಗುವುದು ಈ ಕೆಲಸಕ್ಕೆ.

ಟ್ಯೂಬ್ ಫ್ಲೈ ಎಂದರೆ ಕೊಕ್ಕೆಯ ಬದಲು ಸಣ್ಣ ಕೊಳವೆಯ ಮೇಲೆ ಕೂದಲು ಕಟ್ಟಿದ ಫ್ಲೈ. ದಾರ ಕೊಳವೆಯೊಳಗಿಂದ ಹಾದು ಬರುತ್ತದೆ, ಕೊಕ್ಕೆಯನ್ನು ಹಿಂದೆ ಕಟ್ಟಲಾಗುತ್ತದೆ. ಮೀನು ಸಿಕ್ಕಾಗ ಕೊಳವೆ ದಾರದ ಮೇಲೆ ಜಾರಿ ಸರಿದು ನಿಲ್ಲುವುದರಿಂದ, ಉದ್ದ ಕಡ್ಡಿಯ ಕೊಕ್ಕೆಯಂತೆ ಅದು ಬಾಯೊಳಗೆ ಮೀಟಿಕೊಂಡು ಕಳಚುವುದಿಲ್ಲ. ಕೊಕ್ಕೆ ಮೊಂಡಾದರೆ ಅದೊಂದನ್ನೇ ಬದಲಿಸಿದರೆ ಸಾಕು.

ಕೊಳವೆಯನ್ನು ಪ್ಲಾಸ್ಟಿಕ್, ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಟಂಗ್‌ಸ್ಟನ್ ಹೀಗೆ ಹಲವು ವಸ್ತುಗಳಿಂದ ಮಾಡುತ್ತಾರೆ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಹಿತ್ತಾಳೆ ಸುಮಾರು 8.5, ತಾಮ್ರ ಸುಮಾರು 9, ಟಂಗ್‌ಸ್ಟನ್ 19 ಗ್ರಾಂಗೂ ಹೆಚ್ಚು. ನೀರು ಏರಿದೆ ಎಂದ ಕೂಡಲೇ ಪೆಟ್ಟಿಗೆಯಲ್ಲಿರುವ ಅತಿ ಭಾರದ್ದನ್ನು ಕಟ್ಟುವುದು ಹೊಸಬರೆಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಟೇ ನದಿಯಲ್ಲಿ ಒಂದು ಫೆಬ್ರವರಿಯ ಬೆಳಗ್ಗೆ ಪೂರ್ತಿ ಮೂರಿಂಚಿನ ಹಿತ್ತಾಳೆ ಟ್ಯೂಬ್ ಎಸೆದು, ನಾಲ್ಕನ್ನು ಕಲ್ಲುಸಂದಿಗೆ ಕಳೆದುಕೊಂಡ ಮೇಲೆ ನನಗೆ ವಿಷಯ ತಿಳಿಯಿತು. ಆಳಕ್ಕೆ ಇಳಿಸುವ ಮುಖ್ಯ ಕೆಲಸವನ್ನು ಮುಳುಗುವ ಲೈನ್‌ಗೆ (ಫ್ಲೈಯನ್ನು ಎಸೆಯಲು ಬಳಸುವ ದಪ್ಪ ಹುರಿಗೆ) ಬಿಡಬೇಕು, ಟ್ಯೂಬಿನ ತೂಕವನ್ನು ಕೊನೆಯ ಒಂದೆರಡು ಅಡಿಯ ಹೊಂದಾಣಿಕೆಗೆ ಇಟ್ಟುಕೊಳ್ಳಬೇಕು. ಸೆಕೆಂಡಿಗೆ 3 ಇಂಚು ಮುಳುಗುವ ಲೈನ್ ಜೊತೆ ಒಂದೂವರೆ ಇಂಚಿನ ತಾಮ್ರದ ಟ್ಯೂಬ್ ನನ್ನ ಮೊದಲ ಆಯ್ಕೆ. ಸೆಳವು ಬಲವಾಗಿದ್ದು ಮಡು ಆಳವಾಗಿದ್ದರೆ ಮೊದಲು ಲೈನ್ ಬದಲಿಸುತ್ತೇನೆ, ಆಮೇಲೆ ಟ್ಯೂಬ್. ಲೈನ್‌ಗೂ ಫ್ಲೈಗೂ ನಡುವಿನ ನೈಲಾನ್ ದಾರ 4–5 ಅಡಿ ಮೀರಬಾರದು, ಇಲ್ಲವಾದರೆ ಲೈನ್ ಕೆಳಗಿದ್ದರೂ ಹಗುರವಾದ ಫ್ಲೈ ಮೇಲಕ್ಕೆ ತೇಲುತ್ತದೆ.

ಕಟ್ಟುವಾಗ ಲೋಹದ ಕೊಳವೆಯೊಳಗೆ ತೆಳು ಪ್ಲಾಸ್ಟಿಕ್ ನಳಿಕೆಯನ್ನು ತೂರಿಸುವುದನ್ನು ಎಂದೂ ಬಿಡಬೇಡಿ, ಏಕೆಂದರೆ ಲೋಹದ ಬರಿಯ ಅಂಚು ಅರ್ಧ ದಿನದಲ್ಲಿ ದಾರವನ್ನು ಸವೆಸಿಬಿಡುತ್ತದೆ. ನಳಿಕೆಯ ತುದಿ ಮುಂದೆ ಎರಡು ಮಿಲಿಮೀಟರ್ ಹೊರಗಿರಲಿ. ಅದರ ಹತ್ತಿರಕ್ಕೆ ಲೈಟರ್ ಜ್ವಾಲೆಯನ್ನು ತಾಗಿಯೂ ತಾಗದಂತೆ ಹಿಡಿದರೆ, ಪ್ಲಾಸ್ಟಿಕ್ ಮೆತ್ತಗಾಗಿ ಸಣ್ಣ ಗುಂಡಿಯ ಅಂಚಿನಂತೆ ಹೊರಳಿಕೊಂಡು, ನಳಿಕೆ ಹಿಂದಕ್ಕೆ ಜಾರದಂತೆ ಕಚ್ಚಿ ನಿಲ್ಲುತ್ತದೆ. ಒಂದು ಕ್ಷಣ ಹೆಚ್ಚಾದರೂ ರಂಧ್ರ ಮುಚ್ಚಿಹೋಗುತ್ತದೆ, ಆದ್ದರಿಂದ ಒಳಗೆ ಸೂಜಿ ಇರಲಿ. ಕೊಳವೆಯನ್ನು ಸೂಜಿಗೆ ಬಿಗಿದು, ಕಪ್ಪು ದಾರ ಸುತ್ತಿ, ಜಿಂಕೆಬಾಲದ ಹಳದಿ, ಕಿತ್ತಳೆ, ಕಪ್ಪು ಕೂದಲನ್ನು ಬೆರೆಸಿ ಸುತ್ತಲೂ ಕಟ್ಟಿದರೆ ವಿಲ್ಲೀ ಗನ್ ಎಂಬ ಹೆಸರಾಂತ ಫ್ಲೈ ಸಿದ್ಧವಾಗುತ್ತದೆ. ಕಲಕಿದ ನೀರಿಗೆ ಇದಕ್ಕಿಂತ ನಂಬಿಕೆಯದು ನನ್ನ ಬಳಿ ಬೇರೆ ಇಲ್ಲ. ಕೂದಲು ವಿರಳವಾಗಿರಬೇಕು. ಒತ್ತಾಗಿ ಕಟ್ಟಿದ ಕೂದಲಿಗೆ ಸೆಳವು ತಾಗಿ ಫ್ಲೈ ಮೇಲೇಳುತ್ತದೆ, ಲೋಹಕ್ಕೆ ಕೊಟ್ಟ ಹಣ ವ್ಯರ್ಥವಾಗುತ್ತದೆ. ಹಿಂದಿನ ತುದಿಗೆ ಸಿಲಿಕೋನ್ ತುಂಡೊಂದನ್ನು ಅರ್ಧ ತೊಡಿಸಿ, ಕೊಕ್ಕೆಯ ಕಣ್ಣನ್ನು ಅದರೊಳಗೆ ಒತ್ತಿದರೆ ಕೊಕ್ಕೆ ನೇರವಾಗಿ ಕೂರುತ್ತದೆ. ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸಿ; ಎಷ್ಟು ಮೊನೆಯ ಕೊಕ್ಕೆಗೆ ಅನುಮತಿಯಿದೆ ಎಂಬುದನ್ನು ಆಯಾ ನದಿಯ ನಿಯಮ ನೋಡಿಯೇ ಹೋಗಿ.

ತುಂಬು ಹೊಳೆಯಲ್ಲಿ ಮೀನು ನಡುಸೆಳವಿನಲ್ಲಿ ನಿಲ್ಲುವುದಿಲ್ಲ. ಅಷ್ಟು ಶಕ್ತಿ ವ್ಯಯಿಸದೆ, ಸೆಳವು ಮೆತ್ತಗಾಗುವ ದಡದ ಅಂಚಿಗೆ, ಕೆಲವೊಮ್ಮೆ ನಾಲ್ಕೇ ಅಡಿ ನೀರಿಗೆ, ಸರಿದಿರುತ್ತದೆ. ಹಾಗಾಗಿ ನೀರಿಗಿಳಿಯುವ ಮೊದಲು ದಡದ ಮೇಲಿಂದಲೇ ಗಾಳ ಹಾಕಿ ನೋಡಿ. ಅಂಥ ಜಾಗಕ್ಕೆ ಅಲ್ಯೂಮಿನಿಯಂ ಟ್ಯೂಬ್ ಎಷ್ಟೋ ಸಲ ತಾಮ್ರಕ್ಕಿಂತ ಒಳ್ಳೆಯದು. ಲೈನ್ ಅನ್ನು ಹೊಳೆಗೆ ಅಡ್ಡವಾಗಿ ಎಸೆಯದೆ, 45 ಡಿಗ್ರಿಗಿಂತಲೂ ಕೆಳಮುಖವಾಗಿ ಎಸೆದು, ಬಿದ್ದ ಕೂಡಲೇ ಅದನ್ನು ಒಮ್ಮೆ ಮೇಲ್ಹರಿವಿನ ಕಡೆಗೆ ತಿರುವಿ ಹಾಕಿದರೆ ಫ್ಲೈ ಮುಳುಗಲು ಸಮಯ ಸಿಗುತ್ತದೆ, ವೇಗವೂ ತಗ್ಗುತ್ತದೆ. ಅದು ತಾನಾಗಿ ತೂಗಿ ನಿಮ್ಮ ಕೆಳಗೆ ನೇರವಾಗಿ ಬಂದ ಮೇಲೂ ಹತ್ತು ಎಣಿಸುವಷ್ಟು ಹೊತ್ತು ಹಾಗೆಯೇ ಬಿಡಿ. ಹಿಂದೆಯೇ ಬಂದ ಮೀನು ಬಾಯಿ ಹಾಕುವುದು ಬಹಳ ಸಲ ಆಗಲೇ.

ಭಾರದ ಟ್ಯೂಬನ್ನು ಆಳದಿಂದ ನೇರವಾಗಿ ಕಿತ್ತು ಬೀಸಬಾರದು. ಮೊದಲು ಒಂದು ರೋಲ್ ಕಾಸ್ಟ್‌ನಿಂದ (ಹಿಂದಕ್ಕೆ ಬೀಸದೆ ಲೈನನ್ನು ಮುಂದಕ್ಕೆ ಉರುಳಿಸುವ ಎಸೆತದಿಂದ) ಲೈನ್ ಅನ್ನು ನೀರಿನ ಮೇಲ್ಮೈಗೆ ತಂದು, ನಂತರ ಆತುರವಿಲ್ಲದೆ ಎಸೆಯಿರಿ. ಗಾಳಿ ಹೊಳೆಯ ಕೆಳಮುಖವಾಗಿ ಬೀಸುತ್ತಿದ್ದರೆ ಡಬಲ್ ಸ್ಪೇ, ಮೇಲ್ಮುಖವಾಗಿದ್ದರೆ ಸಿಂಗಲ್ ಸ್ಪೇ (ಎರಡೂ ಲೈನನ್ನು ಹಿಂದಕ್ಕೆ ಪೂರ್ತಿ ಬೀಸದೆ ಬದಿಯಲ್ಲಿ ತಿರುವಿ ಎಸೆಯುವ ವಿಧಾನಗಳು); ಇದನ್ನು ತಪ್ಪಿದರೆ ಲೋಹ ನೇರ ಮುಖದ ಕಡೆಗೇ ಬರುತ್ತದೆ. ಟೋಪಿ ಮತ್ತು ಕನ್ನಡಕ ಕಡ್ಡಾಯ. ಅಂಥದೊಂದು ತಪ್ಪು ಎಸೆತದಲ್ಲಿ ಟ್ಯೂಬ್ ಬಡಿದು ನನ್ನ 15 ಅಡಿಯ ಕಾರ್ಬನ್ ಕೋಲಿಗೆ ಕೂದಲೆಳೆಯಷ್ಟು ಬಿರುಕು ಬಿದ್ದಿತ್ತು. ಎರಡು ವಾರದ ನಂತರ ಅದು ಅದೇ ಜಾಗದಲ್ಲಿ ಮುರಿಯಿತು. ನೀರಿಗೆ ಇಳಿಯುವುದಾದರೆ ಲೈಫ್ ಜಾಕೆಟ್ ಮತ್ತು ಊರುಗೋಲು ಜೊತೆಗಿರಲಿ.

ತಣ್ಣೀರಿನ ಮೀನು ಎಳೆಯುವುದು ಮೆಲ್ಲಗೆ, ಕಲ್ಲಿಗೆ ಸಿಕ್ಕಿದಂತೆ ಭಾಸವಾಗುತ್ತದೆ. ಕೋಲನ್ನು ತಟ್ಟನೆ ಎತ್ತದೆ, ಭಾರ ಪೂರ್ತಿ ಬಿಗಿಯಾಗುವವರೆಗೆ ಕಾಯಿರಿ. ಸ್ಕಾಟ್‌ಲೆಂಡಿನಲ್ಲಿ ಏಪ್ರಿಲ್ 1ಕ್ಕೆ ಮೊದಲು ಸಿಕ್ಕ ಸಾಲ್ಮನ್ ಅನ್ನು ಬಿಡಲೇಬೇಕೆಂಬುದು ಕಾನೂನು. ಮೀನನ್ನು ನೀರಿನಿಂದ ಎತ್ತದೆ ಕೊಕ್ಕೆ ಬಿಡಿಸಿ, ಬಾಲದ ಬುಡವನ್ನು ಹಿಡಿದು ಮೂತಿಯನ್ನು ಸೆಳವಿಗೆ ಎದುರಾಗಿಸಿ, ಅದು ತಾನೇ ಕೈ ಕೊಡವಿಕೊಂಡು ಹೋಗುವವರೆಗೆ ಆಸರೆ ಕೊಡಿ.