ಏನ್ ಸಾರು ಮಾಡಿದ್ರಿ?

2020ರ ಏಪ್ರಿಲ್ ಮೊದಲ ವಾರ, ಕೊರೊನಾ ಲಾಕ್‌ಡೌನ್. ಕೋಲಾರದ ನಮ್ಮ ಚರ್ಚ್ ಕಾಂಪೌಂಡಿನಲ್ಲಿ ಕೂತು 60 ರೇಷನ್ ಕಿಟ್ ಕಟ್ಟಿದೆವು. ಒಂದೊಂದರಲ್ಲೂ 5 ಕೆಜಿ ಅಕ್ಕಿ, 1 ಕೆಜಿ ತೊಗರಿಬೇಳೆ, 1 ಲೀಟರ್ ಎಣ್ಣೆ, ಉಪ್ಪು, ಖಾರದ ಪುಡಿ, ಎರಡು ಸೋಪು. ಗೇಟಿನ ಹೊರಗೆ ಸುಣ್ಣದಲ್ಲಿ ವೃತ್ತ ಬರೆದು ಜನರನ್ನು ನಿಲ್ಲಿಸಿದೆವು. ಕೊಡುವಾಗ ಫೋಟೊ ತೆಗೆದು ಸಭೆಯ, ಅಂದರೆ ನಮ್ಮ ಚರ್ಚಿಗೆ ಸೇರಿದವರ, ವಾಟ್ಸಾಪ್ ಗುಂಪಿಗೆ ಹಾಕಿದೆವು. ನಾನು ಸಭೆಯ ಖಜಾಂಚಿ. ಅವತ್ತು ರಾತ್ರಿ ಲೆಕ್ಕ ಒಂದು ರೂಪಾಯಿ ಆಚೀಚೆ ಇಲ್ಲದೆ ತಾಳೆಯಾಯಿತು, ನೆಮ್ಮದಿಯಾಗಿ ಮಲಗಿದೆ.

ಮೂರು ದಿನ ಬಿಟ್ಟು ಹಾಲು ತರಲು ಹೋದರೆ ಶೆಟ್ಟರ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ನಮ್ಮ ಚೀಲ! ಸ್ಕೆಚ್ ಪೆನ್ನಿನಲ್ಲಿ ನಾನೇ ಬರೆದ ನಂಬರು, 41. ‘ಅಕ್ಕಿ ಕೊಟ್ಟು ದುಡ್ಡು ಇಸ್ಕೊಂಡು ಹೋದ್ರು, ಗ್ಯಾಸ್ ಮುಗಿದಿತ್ತಂತೆ’ ಎಂದರು ಶೆಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಕಾಫಿ ಕುಡಿಯುವಾಗ ಹೊಳೆಯಿತು. ಆ ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಎರಡು ತಿಂಗಳ ಅಕ್ಕಿ ಒಟ್ಟಿಗೆ ಕೊಟ್ಟಿದ್ದರು. ಕಾರ್ಡ್ ಇದ್ದ ಮನೆಗಳಲ್ಲಿ ಅಕ್ಕಿ ಇತ್ತು, ಬೇಯಿಸಲು ಗ್ಯಾಸ್ ಇರಲಿಲ್ಲ. ನಾವು ಮತ್ತೆ ಅಕ್ಕಿಯನ್ನೇ ಕೊಟ್ಟು ಬಂದಿದ್ದೆವು.

ಇನ್ನೊಂದು ವಿಷಯ ತಿಳಿದಿದ್ದು ಆಮೇಲೆ. ನಮ್ಮ ಸಭೆಯಲ್ಲೇ ಒಬ್ಬ ಪೇಂಟರ್ ಇದ್ದಾನೆ, ಪ್ರತಿ ಭಾನುವಾರ ನಾಲ್ಕನೇ ಬೆಂಚು. ಮಾರ್ಚಿನಿಂದ ಕೈಯಲ್ಲಿ ಕೆಲಸವಿರಲಿಲ್ಲ. ಕಿಟ್ ತೆಗೆದುಕೊಳ್ಳಲು ಅವನು ಬರಲಿಲ್ಲ. ಯಾಕೆ ಎಂದು ಅವನ ಹೆಂಡತಿಯನ್ನು ಕೇಳಿದರೆ, ‘ಫೋಟೊದಲ್ಲಿ ಬಂದ್ರೆ ನಾಳೆ ಮಗಳಿಗೆ ಯಾವ ಸಂಬಂಧ ಬರುತ್ತೆ ಸಾರ್?’ ಎಂದಳು. ಆ ಗುಂಪಿನಿಂದ ಫೋಟೊಗಳನ್ನು ಅಳಿಸಲು ಅವತ್ತೇ ಕೂತೆ. ಎಷ್ಟು ಅಳಿಸಿದರೇನು, ಅಷ್ಟೊತ್ತಿಗೆ ಬೆಂಗಳೂರಿನ ನೆಂಟರವರೆಗೂ ಹೋಗಿತ್ತು.

ನಮ್ಮದು ದೊಡ್ಡ ಸಭೆಯೇನಲ್ಲ, 84 ಮನೆ. ಇಟಿಸಿಎಂ ಮಿಷನ್ ಆಸ್ಪತ್ರೆ ನೂರು ವರ್ಷದಿಂದ ಇರುವ ಊರು ಇದು, ಹಾಗಾಗಿ ನರ್ಸುಗಳ ಮನೆ ಜಾಸ್ತಿ. ಅವರಿಗೆ ಸಂಬಳ ನಿಲ್ಲಲಿಲ್ಲ, ಮನೆಗೆ ಬರುವಾಗ ಭಯ ಜೊತೆಗೆ ಬರುತ್ತಿತ್ತು ಅಷ್ಟೇ. ಉಳಿದವರು ನರಸಾಪುರದ ಫ್ಯಾಕ್ಟರಿಗಳಲ್ಲಿ ಕಾಂಟ್ರ್ಯಾಕ್ಟ್ ಕೆಲಸದವರು, ಆಟೊದವರು, ಟೈಲರಿಂಗ್, ಅಡುಗೆ ಕೆಲಸದವರು. ಕೋಲಾರ ಜಿಲ್ಲೆ ಮೇ ಎರಡನೇ ವಾರದ ತನಕ ಹಸಿರು ವಲಯದಲ್ಲಿತ್ತು, ಅಂದರೆ ಒಂದೂ ಕೊರೊನಾ ಕೇಸ್ ಇರಲಿಲ್ಲ. ಇವರಿಗೆ ರೋಗ ಬರುವ ಮೊದಲೇ ಕೂಲಿ ಹೋಗಿತ್ತು.

ಆರಾಧನೆ ನಿಂತಿದ್ದು ಮಾರ್ಚ್ 22ರ ಭಾನುವಾರ, ಜನತಾ ಕರ್ಫ್ಯೂ ದಿನ. ಮುಂದಿನ ವಾರ ಅಯ್ಯನವರು (ನಮ್ಮ ಪಾದ್ರಿಗಳು) ಮೊಬೈಲಿನಲ್ಲಿ ನೇರ ಪ್ರಸಾರ ಶುರು ಮಾಡಿದರು. ಮೊದಲ ಅರ್ಧ ಗಂಟೆ ಅಯ್ಯನವರು ಅಡ್ಡಡ್ಡ ಕಾಣುತ್ತಿದ್ದರು. ಫ್ಯಾನ್ ಸದ್ದಿಗೆ ಬೋಧನೆ ಕೇಳಲಿಲ್ಲ. ನೋಡಿದವರು 23 ಜನ, ಅದರಲ್ಲಿ ಒಂಬತ್ತು ಜನ ಕೆಲಸಕ್ಕೆಂದು ಊರು ಬಿಟ್ಟವರು. ನಮ್ಮ ಅಜ್ಜ ಅಜ್ಜಿಯರ ಕೈಯಲ್ಲಿ ಇದ್ದಿದ್ದು ಬಟನ್ ಫೋನು. ಆಮೇಲೆ ಪ್ರಸಾರ ಸುಧಾರಿಸಿತು, ನಿಜ. ಆದರೆ ಸಭೆಯನ್ನು ಹಿಡಿದಿಟ್ಟಿದ್ದು ಅದಲ್ಲ ಎಂದು ನನ್ನ ಅಭಿಪ್ರಾಯ. ಬಟನ್ ಫೋನೇ ಹಿಡಿದಿಟ್ಟಿತು.

84 ಮನೆಗಳನ್ನು ಏಳು ಜನರಿಗೆ ಹಂಚಿದೆವು, ತಲಾ 12. ವಾರಕ್ಕೆ ಎರಡು ಸಲ ಫೋನ್ ಮಾಡಬೇಕು. ‘ಏನಾದ್ರೂ ಬೇಕಾ?’ ಎಂದು ಕೇಳಿ ಎಂದು ಹೇಳಿದ್ದೆ. ಮೊದಲ ವಾರ ಬಂದ ಉತ್ತರ ಎಲ್ಲ ಕಡೆ ಒಂದೇ: ‘ಏನೂ ಬೇಡ, ದೇವರು ನಡೆಸ್ತಿದ್ದಾನೆ.’ 84 ಮನೆಗೂ ಏನೂ ಬೇಡ! ನಂಬಲು ಆಗುತ್ತಾ?

ದಾರಿ ತೋರಿಸಿದವರು ಮಹಿಳಾ ಸಂಘದ ಒಬ್ಬ ಅಮ್ಮ. ‘ಹಂಗೆ ಕೇಳಬಾರದು. ಏನ್ ಸಾರು ಮಾಡಿದ್ರಿ ಅಂತ ಕೇಳಿ’ ಎಂದರು. ನಮ್ಮ ಕಡೆ ಯಾರನ್ನಾದರೂ ಮಾತಾಡಿಸುವುದೇ ಹಾಗೆ, ಅಲ್ವಾ? ಯಾರಿಗೂ ಅನುಮಾನ ಬರುವುದಿಲ್ಲ. ಅವರೆಕಾಳು, ಬಸ್ಸಾರು, ಮೊಟ್ಟೆ ಎಂದರೆ ಆ ಮನೆಗೆ ತೊಂದರೆಯಿಲ್ಲ. ‘ನೆನ್ನೆದೇ ಇತ್ತು’ ಎಂದರೆ ನಾಳೆ ಇನ್ನೊಂದು ಸಲ ಫೋನ್ ಮಾಡಬೇಕು. ‘ಮುದ್ದೆಗೆ ಉಪ್ಪು, ಮೆಣಸಿನಕಾಯಿ’ ಎಂದು ನಗುತ್ತಾ ಹೇಳಿದರೆ ಅವತ್ತೇ ಯಾರಾದರೂ ಹೋಗಬೇಕು. ಎರಡನೇ ಪ್ರಶ್ನೆ, ಬಿಪಿ ಶುಗರ್ ಮಾತ್ರೆ ಇನ್ನು ಎಷ್ಟು ದಿನಕ್ಕಿದೆ. ಮೂರನೆಯದು, ನಿಮ್ಮ ಬೀದಿಯಲ್ಲಿ ಯಾರಿಗೆ ಕಷ್ಟ. ತಮ್ಮದನ್ನು ಮುಚ್ಚಿಡುವವರು ಪಕ್ಕದ ಮನೆಯದನ್ನು ಧಾರಾಳವಾಗಿ ಹೇಳಿದರು. ನಮ್ಮ ಸಭೆಗೆ ಸೇರದ ಎಷ್ಟೋ ಮನೆ ಸಿಕ್ಕಿದ್ದು ಹೀಗೆ. ಕೊನೆಗೆ ಫೋನಿನಲ್ಲೇ ಒಂದು ಸಣ್ಣ ಪ್ರಾರ್ಥನೆ. ನನಗೆ ನಾಲ್ಕು ಜನರ ಮುಂದೆ ಪ್ರಾರ್ಥನೆ ಮಾಡಲು ನಾಚಿಕೆ. ಫೋನಿನಲ್ಲಿ ಮುಖ ಕಾಣದ ಕಾರಣ ಅಭ್ಯಾಸವಾಯಿತು.

ಕಿಟ್ ಕಟ್ಟುವುದನ್ನು ಅಲ್ಲಿಗೇ ಬಿಟ್ಟೆವು. ಶೆಟ್ಟರ ಹತ್ತಿರ 10,000 ರೂಪಾಯಿ ಮುಂಗಡ ಇಟ್ಟೆವು. ಅವರ ಸಾಲದ ಪುಸ್ತಕದಲ್ಲಿ ನಮಗೊಂದು ಪುಟ, ಮೇಲೆ ಚರ್ಚಿನ ಗುರುತಿಗೆ ‘ಗಂಟೆ’ ಎಂದು ಮಾತ್ರ ಬರೆದರು. ನಾವು ಹೇಳಿದ ಮನೆಯವರು ಬಂದು ಎಲ್ಲರ ಹಾಗೆ ಬೇಕಾದ್ದನ್ನು ಕೇಳಿ, ಎಲ್ಲರ ಹಾಗೆ ಬರೆಸಿ ಹೋಗುತ್ತಾರೆ. ವಾರಕ್ಕೆ 600 ರೂಪಾಯಿ ಮಿತಿ. ಪಕ್ಕದಲ್ಲಿ ನಿಂತವರಿಗೆ ಅದು ಮಾಮೂಲಿ ಸಾಲ. ಗ್ಯಾಸಿಗೆ ಬೇಕಿದ್ದವರಿಗೆ ಶೆಟ್ಟರೇ ಕೈಗೆ ದುಡ್ಡು ಕೊಟ್ಟು ಆ ಪುಟದಲ್ಲಿ ಬರೆದುಕೊಳ್ಳುತ್ತಿದ್ದರು. ಜನ ಜಾಸ್ತಿ ಬರೆಸಿದ್ದು ಎಣ್ಣೆ, ಬೇಳೆ, ಟೀ ಪುಡಿ, ಮಕ್ಕಳಿಗೆ ಬಿಸ್ಕತ್ತು. ‘ಬೀಡಿ ಕೇಳಿದ್ರೆ ಏನ್ ಮಾಡ್ಲಿ?’ ಎಂದು ಶೆಟ್ಟರು ಕೇಳಿದ್ದರು. ಈ ಬೀಡಿ ವಿಷಯಕ್ಕೆ ನಮ್ಮ ಕಮಿಟಿ ಫೋನಿನಲ್ಲೇ ಮುಕ್ಕಾಲು ಗಂಟೆ ಜಗಳವಾಡಿತು. ಶೆಟ್ಟರ ವಿವೇಚನೆಗೆ ಬಿಟ್ಟೆವು. ಅವರು ಏನು ಮಾಡಿದರೋ ನಾನು ಇವತ್ತಿಗೂ ಕೇಳಿಲ್ಲ.

ದುಡ್ಡು ಎಲ್ಲಿಂದ ಬಂತು? ಏಪ್ರಿಲಿನಲ್ಲಿ ಕಾಣಿಕೆ ಪೂರ್ತಿ ಸೊನ್ನೆ. ಅಯ್ಯನವರ ಸಂಬಳ, ಗಂಟೆ ಹೊಡೆಯುವವನ ಸಂಬಳ, ಕರೆಂಟ್ ಬಿಲ್ಲು ಮಾತ್ರ ನಿಲ್ಲಲಿಲ್ಲ. ಗೇಟಿಗೆ ಕ್ಯೂಆರ್ ಕೋಡ್ ಅಂಟಿಸಿದೆವು, ಹುಡುಗರು ಹಾಕಿದರು. ಹಿರಿಯರು ಮೊಮ್ಮಕ್ಕಳ ಕೈಯಲ್ಲಿ ಕವರ್ ಕಳಿಸಿದರು. ಮಹಿಳಾ ಸಂಘದವರು ಹಿಡಿ ಕಾಣಿಕೆಯನ್ನು ಮತ್ತೆ ಹುಟ್ಟುಹಾಕಿದರು. ನಮ್ಮ ಅಜ್ಜಿ ಕಾಲದಲ್ಲಿತ್ತು: ಒಲೆ ಮೇಲೆ ಎಸರಿಡುವಾಗ ಒಂದು ಹಿಡಿ ದೇವರಿಗೆಂದು ಡಬ್ಬಿಗೆ ಹಾಕುವುದು. ಈಗ ಅಕ್ಕಿಯ ಬದಲು ರಾಗಿ ಎಂದರು. ಹಿಡಿಗೆ 50 ಗ್ರಾಂ ಹಿಡಿದರೂ ದಿನಕ್ಕೆ ಎರಡು ಹೊತ್ತು, 15 ದಿನಕ್ಕೆ ಒಂದೂವರೆ ಕೆಜಿ. 50 ಮನೆ ಕೊಟ್ಟರೆ 75 ಕೆಜಿ. ಮಿಲ್ಲಿಗೆ ಹಾಕಿಸಿ ನರಸಾಪುರದ ಕಡೆ ಶೆಡ್ಡಿನಲ್ಲಿ ಸಿಕ್ಕಿಕೊಂಡಿದ್ದ ಬಿಹಾರದ ಹುಡುಗರಿಗೆ ಒಯ್ದೆವು. ಅವರು ಪಾಪ ರಾಗಿ ಹಿಟ್ಟಿನಲ್ಲಿ ಚಪಾತಿ ಲಟ್ಟಿಸಲು ಹೋಗಿ ಎಲ್ಲ ಚೂರು ಚೂರು. ಮುದ್ದೆ ತೋರಿಸಿಕೊಟ್ಟರೆ ಒಂದು ತುತ್ತು ಅಗಿದು ಅಗಿದು ಸುಸ್ತಾದರು. ಮುಂದಿನ ಸಲದಿಂದ ಶೆಟ್ಟರ ಹತ್ತಿರ ರಾಗಿ ಕೊಟ್ಟು ಗೋಧಿ ಹಿಟ್ಟು ತಂದೆವು. ಟೊಮೆಟೊ ಬೆಳೆದ ನಮ್ಮವರೊಬ್ಬರು ರೇಟಿಲ್ಲದೆ 15 ಕೆಜಿಯ ಬಾಕ್ಸುಗಳನ್ನು ಹಾಗೇ ತಂದು ಚರ್ಚ್ ಬಾಗಿಲಿಗೆ ಇಳಿಸಿದರು. ಎರಡು ವಾರ ಇಡೀ ಬೀದಿ ಟೊಮೆಟೊ ಗೊಜ್ಜು ತಿಂದಿತು.

ಜೂನ್ 8ರಿಂದ ಬಾಗಿಲು ತೆಗೆಯಬಹುದು ಎಂದರು. ಆದರೆ 65 ದಾಟಿದವರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕು. ಒಂದು ಭಾನುವಾರವೂ ತಪ್ಪಿಸದವರು ಅವರೇ! ಹಾಗಾಗಿ ಫೋನ್ ಪಟ್ಟಿ ಮುಂದುವರಿಯಿತು.

2021ರ ಏಪ್ರಿಲ್ ಕೊನೆಗೆ ಮತ್ತೆ ಮುಚ್ಚಿತು. ಆ ಸಲ ಹಸಿವಿಗಿಂತ ಉಸಿರಿನ ಚಿಂತೆ. ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕ ನೋಡುವ ನಾಲ್ಕು ಆಕ್ಸಿಮೀಟರ್ ಕೊಂಡು ಮನೆಯಿಂದ ಮನೆಗೆ ಸುತ್ತಿಸಿದೆವು. ಜೊತೆಗೆ ನಮ್ಮ ನರ್ಸಮ್ಮ ಬರೆಸಿದ ಚೀಟಿ: ಐದು ನಿಮಿಷ ಸುಮ್ನೆ ಕೂರಿ, ಕೈ ಬೆಚ್ಚಗಿರಲಿ, ಉಗುರಿಗೆ ಬಣ್ಣ ಇರಬಾರದು, 94ಕ್ಕಿಂತ ಕೆಳಗಿಳಿದರೆ ಫೋನ್ ಮಾಡಿ, ಬೋರಲು ಮಲಗಿ. ಒಂದು ರಾತ್ರಿ ಎರಡು ಗಂಟೆಗೆ ‘82 ಬಂತು ಸಾರ್’ ಎಂದು ಅಳು. ಓಡಿಹೋದೆ. ಹುಡುಗಿಯ ಹತ್ತೂ ಬೆರಳಿಗೆ ಕಪ್ಪಗೆ ಹತ್ತಿದ ಮೆಹಂದಿ. ಕಾಲ್ಬೆರಳಿಗೆ ಹಾಕಿದರೆ 97.

ಎಲ್ಲ ರಾತ್ರಿಯೂ ಹಾಗೆ ಮುಗಿಯಲಿಲ್ಲ. ಮೇ ತಿಂಗಳಲ್ಲಿ ನಾಲ್ಕು ಜನರನ್ನು ಮಣ್ಣು ಮಾಡಿದೆವು. ಸಮಾಧಿ ಹತ್ತಿರ ಬೆರಳೆಣಿಕೆ ಜನ. ಅವರಲ್ಲಿ ಒಬ್ಬ ಅಮ್ಮನ ಮಗಳು ದುಬೈಯಲ್ಲಿದ್ದಳು, ವಿಡಿಯೊ ಕಾಲ್ ಹಿಡಿಯುವ ಕೆಲಸ ನನ್ನದು. ನೀಲಿ ಪಿಪಿಇ ಹಾಕಿದ ಹುಡುಗರು ಹಗ್ಗ ಇಳಿಸುತ್ತಿದ್ದಾರೆ, ಅಯ್ಯನವರು ದೂರ ನಿಂತು ಓದುತ್ತಿದ್ದಾರೆ, ಮಾಸ್ಕಿನೊಳಗಿಂದ ಅರ್ಧ ಮಾತು ಕೇಳುತ್ತಿಲ್ಲ. ಫೋನಿನಲ್ಲಿ ಬ್ಯಾಟರಿ 6. ‘ಅಂಕಲ್, ಸ್ವಲ್ಪ ಹತ್ತಿರ ಹೋಗಿ’ ಎಂದಳು. ಹೋದೆ. ಪೆಟ್ಟಿಗೆ ಮುಚ್ಚಿತ್ತು, ತೋರಿಸಲು ಬೇರೇನೂ ಇರಲಿಲ್ಲ. ಮಣ್ಣನ್ನೇ ತೋರಿಸಿದೆ. ಮೂರು ಹಿಡಿ ಮಣ್ಣು ಅವಳ ಹೆಸರಲ್ಲಿ ನಾನು ಹಾಕಿದೆ, ಎಡಗೈಯಲ್ಲಿ ಫೋನು.

ಜುಲೈಯಲ್ಲಿ ಚರ್ಚ್ ತೆರೆದಾಗ ತೀರಿಹೋದ ಆ ನಾಲ್ಕು ಜನರ ಜಾಗ ಹಾಗೇ ಖಾಲಿ ಬಿಟ್ಟು ಎಲ್ಲರೂ ಕೂತರು. ಯಾರೂ ಹೇಳಿರಲಿಲ್ಲ.

ಶೆಟ್ಟರ ಪುಸ್ತಕದ ಆ ಪುಟವನ್ನು ಮುಚ್ಚಬೇಕೆಂದು ಕಮಿಟಿಯಲ್ಲಿ ಎರಡು ಸಲ ಮಾತು ಬಂತು. ಅದೇ ಡಿಸೆಂಬರಿನಲ್ಲಿ ಕ್ರಿಸ್‌ಮಸ್‌ಗೆ ಚರ್ಚಿಗೆ ಬಣ್ಣ ಹೊಡೆಸಿದೆವು. ಬಂದವನು ನಾಲ್ಕನೇ ಬೆಂಚಿನ ಪೇಂಟರ್. ಕೆಲಸ ಮುಗಿದ ಮೇಲೆ ಕೂಲಿ ಎಷ್ಟಾಯಿತು ಎಂದು ಕೇಳಿದೆ. ಏಣಿ ಮಡಿಸುತ್ತಾ ಹೇಳಿದ: ‘ಅರ್ಧ ಕೈಗೆ ಕೊಡಿ ಸಾರ್. ಇನ್ನರ್ಧ ಶೆಟ್ಟರ ಹತ್ತಿರ ಗಂಟೆ ಪುಟಕ್ಕೆ ಜಮಾ ಹಾಕ್ಸಿ.’