ಡಾಕ್ಟರಿಗೆ ಫೋನ್ ಮಾಡುವ ಮುಂಚೆ ನಾಯಿಯಲ್ಲಿ ಏನೇನು ನೋಡಬೇಕು?

ನಾಯಿ ಮಂಕಾಗಿ ಮಲಗಿದರೆ ಬಹಳ ಜನ ಮೊದಲು ಮೂಗು ಮುಟ್ಟುತ್ತಾರೆ. ಒಣಗಿದ್ದರೆ ಜ್ವರ ಅಂತ ತೀರ್ಮಾನ. ಇದನ್ನು ನಂಬಬೇಡಿ. ನಿದ್ದೆಯಿಂದ ಎದ್ದ ನಾಯಿಯ ಮೂಗು ಸುಮ್ನೆ ಹಾಗೇ ಒಣಗಿರುತ್ತದೆ. ನೋಡಬೇಕಾದ್ದು ವಸಡು, ಉಸಿರು, ಮೈಬಿಸಿ. ನಾಯಿ ಚೆನ್ನಾಗಿರುವಾಗಲೇ ಇವನ್ನು ನೋಡಿಟ್ಟುಕೊಳ್ಳಿ. ಅದರ ಮಾಮೂಲು ಗೊತ್ತಿಲ್ಲದೆ ಏರುಪೇರು ಹೇಗೆ ತಿಳಿಯುತ್ತದೆ, ಅಲ್ವಾ?

ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕು, ಒದ್ದೆಯಾಗಿರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ನಮ್ಮ ಕರಿಯನ ವಸಡೆಲ್ಲ ಕಪ್ಪು. ಅಂಥ ನಾಯಿಗೆ ಕಣ್ಣಿನ ಕೆಳರೆಪ್ಪೆ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ. ಬಿಳಿಚಿದ್ದರೆ ಅಥವಾ ನೀಲಿಯಾಗಿದ್ದರೆ ಬೇರೆ ಪರೀಕ್ಷೆ ಮಾಡುತ್ತಾ ಕೂರಬೇಡಿ, ಹೊರಡಿ.

ಉಸಿರನ್ನು ಎಣಿಸಬೇಕಾದ್ದು ನಾಯಿ ಗಾಢ ನಿದ್ದೆಯಲ್ಲಿದ್ದಾಗ. ಎದೆ ಒಮ್ಮೆ ಏರಿ ಇಳಿದರೆ ಒಂದು. 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಕನಸಿನಲ್ಲಿ ಕಾಲು ಝಾಡಿಸುತ್ತಿದ್ದರೆ ಆಗಿನ ಲೆಕ್ಕ ಹಿಡಿಯಬೇಡಿ. ನಿಮಿಷಕ್ಕೆ 30ರೊಳಗಿದ್ದರೆ ಸರಿ. ಮತ್ತೆ ಮತ್ತೆ ಎಣಿಸಿದರೂ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರಿಗೆ ತಿಳಿಸಿ. ಕರಿಯನಿಗೆ ಹೃದಯದ ಮಾತ್ರೆ ನಡೆಯುತ್ತಿದೆ. ಹಾಗಾಗಿ ಈ ಲೆಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಶ್ವಾಸಕೋಶದಲ್ಲಿ ನೀರು ತುಂಬತೊಡಗಿದರೆ ಮೊದಲು ಏರುವುದು ಬಹಳ ಸಲ ಈ ಸಂಖ್ಯೆಯೇ.

ಮೈ ಮುಟ್ಟಿ ಜ್ವರ ಹೇಳಲಾಗದು. ಆರೋಗ್ಯವಂತ ನಾಯಿಯ ಮೈಬಿಸಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಸವರಿ ಗುದದಲ್ಲಿ ನಿಧಾನವಾಗಿ ಇಡಬೇಕು. ಒಬ್ಬರು ತಲೆ ಹಿಡಿದು ಮಾತಾಡಿಸುತ್ತಿರಲಿ. ಗುರ್ ಅಂದರೆ ಬಿಟ್ಟುಬಿಡಿ. ಆ ಥರ್ಮಾಮೀಟರಿನ ಮೇಲೆ ‘ನಾಯಿಗೆ’ ಅಂತ ದಪ್ಪಗೆ ಬರೆದಿಡಿ, ಯಾಕೆ ಅಂತ ಹೇಳಬೇಕಿಲ್ಲ. 103 ದಾಟಿದರೆ ಫೋನ್ ಮಾಡಿ. 104 ದಾಟಿದರೆ ತಡ ಬೇಡವೇ ಬೇಡ.

ಜ್ವರ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಬೇಡಿ. ನಮಗೆ ಒಗ್ಗುವ ಮಾತ್ರೆ ನಾಯಿಯ ಲಿವರ್, ಕಿಡ್ನಿ ಕೆಡಿಸಬಲ್ಲದು.

ಕೆಲವಕ್ಕೆ ಅಳೆಯುವ ಪ್ರಶ್ನೆಯೇ ಇಲ್ಲ. ಹೊಟ್ಟೆ ಉಬ್ಬಿ, ವಾಂತಿಗೆ ಒತ್ತರಿಸಿದರೂ ಏನೂ ಬರುತ್ತಿಲ್ಲವೆಂದರೆ ಜಠರ ತಿರುಚಿಕೊಂಡಿರಬಹುದು. ದೊಡ್ಡ ತಳಿಗಳಲ್ಲಿ ಇದು ಜಾಸ್ತಿ, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಮುಕ್ಕಿದರೂ ಮೂತ್ರ ಬಾರದಿದ್ದರೆ, ಫಿಟ್ಸ್ 5 ನಿಮಿಷವಾದರೂ ನಿಲ್ಲದಿದ್ದರೆ ಆಗಲೂ ಹೊರಡಿ. ಫಿಟ್ಸ್ ಬಂದ ನಾಯಿಯ ಬಾಯಿಗೆ ಕೈ ಹಾಕಬೇಡಿ.

ಫೋನಿನಲ್ಲಿ ‘ಡಲ್ಲಾಗಿದೆ’ ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಯಾವಾಗಿನಿಂದ, ಎಷ್ಟು ಸಲ ವಾಂತಿ, ಏನು ತಿಂದಿತ್ತು, ತೂಕ ಎಷ್ಟು, ಅಳೆದ ಸಂಖ್ಯೆ ಎಷ್ಟು, ಇಷ್ಟು ಹೇಳಿ. ವಾಂತಿಯ ಫೋಟೋ ತೆಗೆದ ಮೇಲೆಯೇ ನೆಲ ಒರೆಸಿ.