ಬೆಂಗಳೂರಿನಿಂದ ಕೂದಲೆಳೆ ಬಲಕ್ಕೆ: ಹಡಗಿನ ರೇಡಿಯೋ ಕೇಳುವ ಬಗೆ

ಅಪ್ಪನ ಹಳೇ ಫಿಲಿಪ್ಸ್ ಟ್ರಾನ್ಸಿಸ್ಟರಿನ ಡಯಲ್ ಮೇಲೆ ಒಂದು ಕೆಂಪು ಚುಕ್ಕೆ ಇದೆ. ಅಮ್ಮನ ನೈಲ್ ಪಾಲಿಶ್‌ನಲ್ಲಿ ಇಟ್ಟದ್ದು. ಮುಳ್ಳು ಅಲ್ಲಿಗೆ ಬಂದರೆ ಬೆಂಗಳೂರು ಆಕಾಶವಾಣಿ, 612 ಕಿಲೋಹರ್ಟ್ಸ್. ತಿಪಟೂರಿನಿಂದ ಇಂಗ್ಲೆಂಡಿನ ಕೋಲ್ಚೆಸ್ಟರ್‌ಗೆ ಕೆಲಸಕ್ಕೆ ಬರುವಾಗ ಅದನ್ನು ಟವೆಲ್ಲಿನಲ್ಲಿ ಸುತ್ತಿ ತಂದೆ. ಇಲ್ಲಿ ಆ ಚುಕ್ಕೆಯಲ್ಲಿ ಬರೀ ಬುಸ್ ಅನ್ನೋ ಸದ್ದು. ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದರೆ 648. ಅಲ್ಲಿ ರೇಡಿಯೋ ಕೆರೋಲಿನ್ ಇದೆ. ಒಂದು ಕಾಲದಲ್ಲಿ ಸಮುದ್ರದಲ್ಲಿ ನಿಂತ ಹಡಗಿನಿಂದ, ಲೈಸೆನ್ಸ್ ಇಲ್ಲದೆ, ಹಾಡು ಹಾಕುತ್ತಿದ್ದವರು ಇವರೇ. ಕೇಳೋದು ಹೇಗೆ ಅಂತ ಸ್ನೇಹಿತರು ಪದೇ ಪದೇ ಕೇಳ್ತಾರೆ. ಅವರಿಗಾಗಿ ಇದು.

ಮೊದಲು ಹೊತ್ತು. ನಮ್ಮೂರಲ್ಲಿ ದೂರದ ಸ್ಟೇಷನ್ ಹಿಡಿಯಬೇಕು ಅಂದ್ರೆ ರಾತ್ರಿ ಕೂರುತ್ತಿದ್ದೆವು, ಅಲ್ವಾ? ಇಲ್ಲಿ ಹಾಗೆ ಮಾಡಬೇಡಿ. ಕತ್ತಲಾದ ಮೇಲೆ ಮೀಡಿಯಂ ವೇವ್ ಆಕಾಶಕ್ಕೆ ಬಡಿದು ವಾಪಸ್ ಬರುತ್ತದೆ. ಎಲ್ಲೆಲ್ಲಿಯದೋ ದನಿಗಳು ಒಂದರ ಮೇಲೊಂದು ಬೀಳುತ್ತವೆ. ಕೆರೋಲಿನ್‌ನದು ದೊಡ್ಡ ಸ್ಟೇಷನ್ ಅಲ್ಲ. ಹಗಲು ಹೊತ್ತೇ ಒಳ್ಳೆಯದು.

ಆಮೇಲೆ ಮನೆ. ನಾನು ಮೊದಲ ವಾರ ಅಡುಗೆಮನೆಯಲ್ಲಿ ಕೂತು ಕೇಳಿದೆ, ಗೊರ್ರ್ ಅನ್ನೋದು ಬಿಟ್ಟು ಏನೂ ಇಲ್ಲ. ರೇಡಿಯೋ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಪಕ್ಕದಲ್ಲಿದ್ದ ಫೋನ್ ಚಾರ್ಜರ್ ಕಿತ್ತರೆ ಅರ್ಧ ಗಲಾಟೆ ಹೋಯಿತು, ಎಲ್‌ಇಡಿ ದೀಪ ಆರಿಸಿದರೆ ಉಳಿದದ್ದೂ ಹೋಯಿತು. ಅದಕ್ಕೇ ಶೆಲ್ ಹಾಕಿ ಕೇಳಿ, ತೋಟಕ್ಕೋ ಕಿಟಕಿ ಹತ್ತಿರಕ್ಕೋ ಒಯ್ಯಿರಿ.

ಉದ್ದಕ್ಕೆ ಎಳೆಯುವ ಏರಿಯಲ್ ಎಫ್‌ಎಂಗೆ. ಅದನ್ನು ಸುಮ್ನೆ ಎಳೆದು ಪ್ರಯೋಜನವಿಲ್ಲ. ಮೀಡಿಯಂ ವೇವ್ ಹಿಡಿಯೋದು ಒಳಗೆ ಅಡ್ಡ ಮಲಗಿರುವ, ತಂತಿ ಸುತ್ತಿದ ಫೆರೈಟ್ ಅನ್ನೋ ಕಪ್ಪು ಕಡ್ಡಿ. ಆ ಕಡ್ಡಿಯ ತುದಿ ಸ್ಟೇಷನ್ ಕಡೆಗಿದ್ದರೆ ದನಿ ಸಾಯುತ್ತದೆ, ಅಡ್ಡ ನಿಂತರೆ ಏರುತ್ತದೆ. ಇಡೀ ರೇಡಿಯೋವನ್ನೇ ಒರಳುಕಲ್ಲಿನ ಗುಂಡಿನ ಹಾಗೆ ನಿಧಾನ ತಿರುಗಿಸಿ. ಈಗಿನ ಟವರ್ ಇರೋದು ಸಫೋಕ್ ಕರಾವಳಿಯ ಆರ್ಫರ್ಡ್ ನೆಸ್‌ನಲ್ಲಿ, ನೆಲದ ಮೇಲೆ. 2011ರವರೆಗೆ ಇದೇ ಜಾಗದಿಂದ ಇದೇ 648ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ಬರುತ್ತಿತ್ತು. ಕೆರೋಲಿನ್‌ಗೆ ಅದು ಸಿಕ್ಕಿದ್ದು 2017ರಲ್ಲಿ, ಲೈಸೆನ್ಸ್ ಸಮೇತ. ಆ ಹಡಗಿನವರಿಗೆ ಸರ್ಕಾರ ಲೈಸೆನ್ಸ್ ಕೊಟ್ಟಿತು ಅಂದ್ರೆ ನನಗೆ ಈಗಲೂ ನಗು.

ಇನ್ನೂ ಚೆನ್ನಾಗಿ ಕೇಳಬೇಕಾ? ಕಡಲ ದಂಡೆಗೆ ಹೋಗಿ. ಉಪ್ಪುನೀರಿನ ಮೇಲೆ ಮೀಡಿಯಂ ವೇವ್ ಜಾರಿಕೊಂಡು ಬರುತ್ತದೆ. ಹಡಗಿನವರಿಗೆ ದಕ್ಕಿದ್ದೂ ಇದೇ ಲಾಭ. ಟ್ರಾನ್ಸ್‌ಮಿಟರ್‌ಗೆ ಒಳ್ಳೆಯ ಅರ್ಥಿಂಗ್ ಬೇಕು. ನೆಲದಲ್ಲಾದರೆ ತಾಮ್ರದ ತಂತಿ ಹೂಳಬೇಕು. ಕಬ್ಬಿಣದ ಹಡಗಿಗೆ ಸುತ್ತಲಿನ ಸಮುದ್ರವೇ ಅರ್ಥಿಂಗ್.

ನಾನು ಹೋಗೋದು ಫೆಲಿಕ್ಸ್‌ಸ್ಟೋಗೆ. 1964ರ ಮಾರ್ಚ್ ಕೊನೆಯಲ್ಲಿ ಮೊದಲ ಹಡಗು ಲಂಗರು ಹಾಕಿದ್ದು ಆ ದಂಡೆಯ ಎದುರಿಗೇ. ಫ್ರೆಡೆರಿಸಿಯಾ ಅನ್ನೋ ಡೆನ್ಮಾರ್ಕಿನ ಹಳೇ ಪ್ರಯಾಣಿಕರ ಹಡಗು. ತಂದವನು ಐರ್ಲೆಂಡಿನ ರೋನನ್ ಒರಾಹಿಲಿ. ಆಗ ಬ್ರಿಟನ್ನಿನ ಗಡಿ ದಡದಿಂದ 3 ಮೈಲಿ. ಅದರಾಚೆ ನಿಂತು, ಬೇರೆ ದೇಶದ ಬಾವುಟ ಹಾರಿಸಿದರೆ ಮುಗೀತು, ಇಲ್ಲಿನ ಕಾನೂನು ಮುಟ್ಟುತ್ತಿರಲಿಲ್ಲ. ಬಿಬಿಸಿಯಲ್ಲಿ ರೆಕಾರ್ಡ್ ಹಾಕಲು ದಿನಕ್ಕೆ ಇಂತಿಷ್ಟೇ ಗಂಟೆ ಅನ್ನೋ ಕಟ್ಟಳೆ ಇತ್ತು. ಹುಡುಗರಿಗೆ ಬೇಕಿದ್ದ ಪಾಪ್ ಹಾಡು ಕಡಲಿಂದ ಬಂತು. ಆದರೆ ಇವರು ಮೊದಲಿಗರೇನಲ್ಲ. ಡೆನ್ಮಾರ್ಕಿನಲ್ಲಿ 1958ರಲ್ಲೇ ರೇಡಿಯೋ ಮರ್ಕ್ಯುರ್ ಇತ್ತು, ಡಚ್ಚರ ವೆರೋನಿಕಾ 1960ರಲ್ಲಿ ಬಂತು.

ಫ್ರಿಂಟನ್ ದಂಡೆಯೂ ಚೆನ್ನ. ಕೆರೋಲಿನ್‌ನ ಇನ್ನೊಂದು ಹಡಗು ಮಿ ಅಮಿಗೋ 1966ರ ಜನವರಿಯಲ್ಲಿ ಗಾಳಿಗೆ ಲಂಗರು ಬಿಟ್ಟು ಆ ಮರಳಿಗೇ ಬಂದು ಕೂತಿತ್ತು.

1967ರ ಆಗಸ್ಟ್‌ನಲ್ಲಿ ಸರ್ಕಾರ ಉಪಾಯ ಮಾಡಿತು. ಹಡಗನ್ನು ಮುಟ್ಟಲಿಲ್ಲ. ಅದಕ್ಕೆ ಊಟ, ಡೀಸೆಲ್, ಜಾಹೀರಾತು ಕೊಡುವ ಬ್ರಿಟಿಷರನ್ನು ಅಪರಾಧಿ ಮಾಡಿತು. ಬ್ರಿಟನ್ನಿನ ಎದುರಿಗಿದ್ದ ಇಂಥ ಉಳಿದ ಸ್ಟೇಷನ್ನಿನವರು ಮುಚ್ಚಿಕೊಂಡು ಹೋದರು, ಕೆರೋಲಿನ್ ಮಾತ್ರ ಹಾಲೆಂಡಿನಿಂದ ಸಾಮಾನು ತರಿಸಿಕೊಂಡು ಹಟ ಹಿಡಿಯಿತು. ಮುಂದಿನ ತಿಂಗಳೇ ಬಿಬಿಸಿ ರೇಡಿಯೋ 1 ಶುರುವಾಯಿತು, ಹಡಗಿನ ಹುಡುಗರನ್ನೇ ಕೆಲಸಕ್ಕೆ ಇಟ್ಟುಕೊಂಡು. ಕೆರೋಲಿನ್ ಹಡಗುಗಳನ್ನು 1968ರಲ್ಲಿ ಎಳೆದುಕೊಂಡು ಹೋದದ್ದು ಪೊಲೀಸರಲ್ಲ, ಬಾಕಿ ಬರಬೇಕಿದ್ದ ಟಗ್ (ಹಡಗು ಎಳೆಯುವ ದೋಣಿ) ಕಂಪನಿಯವರು! ಮಿ ಅಮಿಗೋ ಮತ್ತೆ ಬಂತು, 1980ರ ಮಾರ್ಚ್‌ನಲ್ಲಿ ಮುಳುಗಿತು. ಒಳಗಿದ್ದವರನ್ನು ಲೈಫ್‌ಬೋಟಿನವರು ಉಳಿಸಿದರು, ವಿಲ್ಸನ್ ಅನ್ನೋ ಕ್ಯಾನರಿ ಹಕ್ಕಿಯನ್ನೂ. ಕಾನೂನು ತಂದ ಪ್ರಧಾನಿಯ ಹೆಸರು ಅದು.

ಈಗಿನ ಹಡಗು ರಾಸ್ ರಿವೆಂಜ್, ಹಿಂದೆ ಮೀನು ಹಿಡಿಯುತ್ತಿದ್ದದ್ದು. 1983ರಲ್ಲಿ ಕೆರೋಲಿನ್‌ಗೆ ಸೇರಿತು. ನೋಡಬೇಕಿದ್ದರೆ ಎಸೆಕ್ಸ್‌ನ ಬ್ರ್ಯಾಡ್‌ವೆಲ್‌ಗೆ ಹೋಗಿ. ಮುಚ್ಚಿದ ಅಣು ವಿದ್ಯುತ್ ಸ್ಥಾವರದ ಎರಡು ದೊಡ್ಡ ಪೆಟ್ಟಿಗೆಯಂಥ ಕಟ್ಟಡ ಗುರುತು ಇಟ್ಟುಕೊಳ್ಳಿ. ಬ್ಲ್ಯಾಕ್‌ವಾಟರ್ ನದಿ ಅಗಲವಾಗುವಲ್ಲಿ ಕೆಂಪಗೆ ನಿಂತಿರುತ್ತದೆ. ದುರ್ಬೀನು ಇದ್ದರೆ ದಡದಿಂದಲೇ ಸಾಕು. ಹತ್ತಬೇಕಿದ್ದರೆ ದೋಣಿ ಟ್ರಿಪ್ ಇದೆ, ಮೊದಲೇ ಬುಕ್ ಮಾಡಬೇಕು. ಸೀರೆ ಬೇಡ, ಚಪ್ಪಲಿಯೂ ಬೇಡ. 300 ಅಡಿಯ ಹಳೇ ಏರಿಯಲ್ ಕಂಬ ಹುಡುಕಬೇಡಿ, ಅದು 1987ರ ನವೆಂಬರ್‌ನಲ್ಲೇ ಬಿದ್ದುಹೋಯಿತು. ತಿಂಗಳಿಗೊಂದು ವಾರಾಂತ್ಯ ಈ ಹಡಗಿನೊಳಗಿಂದಲೇ ಲೈವ್ ಕಾರ್ಯಕ್ರಮ ಇರುತ್ತದೆ.

ಊರಲ್ಲಿರುವವರಿಗೂ ದಾರಿ ಇದೆ. ಅವರ ಇಂಟರ್ನೆಟ್ ಸ್ಟ್ರೀಮ್ ಸ್ವಚ್ಛ, ಆದರೆ ಸಪ್ಪೆ. ನನ್ನನ್ನು ಕೇಳಿದರೆ ಹಾಲೆಂಡಿನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ತೆರೆಯಿರಿ. ಅಲ್ಲಿನ ರೇಡಿಯೋವನ್ನು ನಿಮ್ಮ ಕಂಪ್ಯೂಟರಿನಿಂದಲೇ ತಿರುಗಿಸಬಹುದು. 648 ಅಂತ ಹಾಕಿ, ಎಎಂ ಒತ್ತಿ. ನಮ್ಮ ಸಂಜೆ 4ರಿಂದ 6, ಅಂದ್ರೆ ಅಲ್ಲಿಯ ಮಧ್ಯಾಹ್ನದ ಸುಮಾರು, ಪ್ರಯತ್ನಿಸಿ. ಅಪ್ಪನಿಗೆ ಫೋನಿನಲ್ಲೇ ಹೇಳಿಕೊಟ್ಟೆ. ಹತ್ತು ನಿಮಿಷ ಕರಕರ ಕೇಳಿ, "ಸ್ವಲ್ಪ ಎಡಕ್ಕೆ ತಿರುಗಿಸ್ಲಾ? ಬೆಂಗಳೂರು ಸಿಗಬಹುದು" ಅಂದರು.